ಕಿಯಾಯ್ ಕಾಲಂನಲ್ಲಿ ಎರಡು ಅಂಕ

ಈ ಪ್ರಕರಣವನ್ನು ಸಂಬಂಧಪಟ್ಟ ಕರಾಟೆ ಶಿಕ್ಷಕರ ಮತ್ತು ಹುಡುಗನ ತಂದೆತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ತರಗತಿಯ ಗುರುತುಗಳನ್ನು ಕೈಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಡೆದ ಸಂಗತಿಯ ತಿರುಳನ್ನು ಬದಲಿಸಿಲ್ಲ. ಮಕ್ಕಳು ಕರೆಯುವಂತೆಯೇ ಶಿಕ್ಷಕರನ್ನು ಇಲ್ಲಿ ಮಾಸ್ಟರ್ ಎಂದು ಕರೆಯುತ್ತೇನೆ.

ಮಾಸ್ಟರ್ ತುಮಕೂರಿನ ನನ್ನ ಆಪ್ತಸಲಹೆಯ ಕೊಠಡಿಗೆ ಮೊದಲ ಸಲ ಬಂದದ್ದು ನಿದ್ದೆ ಬರುತ್ತಿಲ್ಲವೆಂಬ ದೂರಿನೊಂದಿಗೆ. ವಯಸ್ಸು 46. ಇಪ್ಪತ್ತು ವರ್ಷಗಳಿಂದ ಊರಿನಲ್ಲಿ ಶೋತೊಕಾನ್ ಶೈಲಿಯ ಕರಾಟೆ ಹೇಳಿಕೊಡುತ್ತಿದ್ದಾರೆ. ಹತ್ತಿರದ ತಾಲ್ಲೂಕು ಕೇಂದ್ರವೊಂದರಲ್ಲಿ ವಾರಕ್ಕೆ ಮೂರು ಸಂಜೆ ಇನ್ನೊಂದು ತರಗತಿ ಇದೆ. ಎರಡೂ ಕಡೆ ಸೇರಿ ಸುಮಾರು 140 ಮಕ್ಕಳು. ಅವರ ಅಜ್ಜ ಗರಡಿಮನೆಯ ಉಸ್ತಾದರಾಗಿದ್ದವರು. ಮೂರು ವಾರಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆಳಗಿನ ಜಾವ ಅಮಾನಿಕೆರೆಯ ಸುತ್ತ ನಡೆಯುವಾಗ ಎದುರಿಗೆ ಬರುವ ಪೋಷಕರ ಮುಖ ನೋಡಲಾಗದೆ ದಾರಿ ಬದಲಿಸುತ್ತೇನೆ ಎಂದರು. ಜೀವ ಬೇಡವೆನ್ನಿಸುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದರು, ಮತ್ತು ಆ ಉತ್ತರ ನಂಬುವಂತಿತ್ತು. ಆದರೂ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಬರೆದುಕೊಟ್ಟೆ.

ಕಾರಣವನ್ನು ಅವರು ಒಂದೇ ಉಸಿರಿನಲ್ಲಿ ಹೇಳಲಿಲ್ಲ. ಮೊದಲ ಅರ್ಧ ಗಂಟೆ ಮಾತೆಲ್ಲ ಎಐ ಆಪ್ ಒಂದರ ಸುತ್ತಲೇ ಇತ್ತು. ಕಳೆದ ವರ್ಷ ಹಳೆಯ ಶಿಷ್ಯನೊಬ್ಬ ಅದನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದ. ಶುಲ್ಕದ ಲೆಕ್ಕ, ಹಾಜರಿ, ರಜೆಯ ಸೂಚನೆ ಎಲ್ಲವೂ ಸಲೀಸಾಯಿತು, ರಾತ್ರಿ ಊಟದ ನಂತರ ನೋಟ್‌ಬುಕ್ ಹಿಡಿದು ಕೂರುವುದು ತಪ್ಪಿತು. ಇದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ಆಮೇಲೆ ಪೋಷಕರ ವಾಟ್ಸಾಪ್ ಪ್ರಶ್ನೆಗಳಿಗೆ ಅದೇ ಉತ್ತರಿಸತೊಡಗಿತು. ಕೊನೆಗೆ ಬೆಲ್ಟ್ ಪರೀಕ್ಷೆಯಾದ ಮೇಲೆ ಪ್ರತಿ ಮಗುವಿನ ಮನೆಗೆ ಕಳುಹಿಸುವ ಅಭಿಪ್ರಾಯ ಪತ್ರವನ್ನೂ ಅದೇ ಬರೆಯಿತು. ಪರೀಕ್ಷಕರು ಅಂಕ ತುಂಬಿದ ಹಾಳೆಯಲ್ಲಿ ಕಿಹೋನ್ (ಮೂಲ ವರಸೆಗಳು), ಕಟಾ (ಗೊತ್ತಾದ ಕ್ರಮದಲ್ಲಿ ಮಾಡುವ ವರಸೆಗಳ ಸರಣಿ), ಕುಮಿಟೆ (ಎದುರಾಳಿಯೊಂದಿಗಿನ ಸೆಣಸಾಟ), ಕಿಯಾಯ್ (ವರಸೆಯ ಜೊತೆಗೆ ಹಾಕುವ ಗಟ್ಟಿ ಕೂಗು), ಶಿಸ್ತು ಎಂಬ ಐದು ಕಾಲಂಗಳು, ಪ್ರತಿಯೊಂದಕ್ಕೂ ಹತ್ತು ಅಂಕ. ಮಾಸ್ಟರ್ ಆ ಹಾಳೆಯ ಫೋಟೊ ತೆಗೆದು ಹಾಕಿದರು, ಒಂದೇ ರಾತ್ರಿಯಲ್ಲಿ 62 ಪತ್ರಗಳು ಸಿದ್ಧವಾದವು. ಮೊದಲ ನಾಲ್ಕನ್ನು ಓದಿದರು. ಚೆನ್ನಾಗಿದ್ದವು. ಉಳಿದವನ್ನು ಓದದೆ ಕಳುಹಿಸಿದರು.

ಆ 62ರಲ್ಲಿ ಒಂದು ಪತ್ರ ಹನ್ನೆರಡು ವರ್ಷದ ಹುಡುಗನೊಬ್ಬನ ಮನೆಗೆ ಹೋಯಿತು. ಆ ಹುಡುಗನಿಗೆ ಉಗ್ಗು ಇದೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಉತ್ತರಿಸುವುದಕ್ಕೂ ಕಷ್ಟಪಡುತ್ತಿದ್ದ. ಕರಾಟೆ ತರಗತಿಯಲ್ಲಿ ಎಲ್ಲರೊಡನೆ ಸೇರಿ ಕಿಯಾಯ್ ಕೂಗುವಾಗ ಮಾತ್ರ ಅವನ ದನಿ ಎಲ್ಲೂ ತಡೆಯದೆ ಹೊರಗೆ ಬರುತ್ತಿತ್ತು. ಉಗ್ಗುವವರು ಗುಂಪಿನೊಂದಿಗೆ ಒಟ್ಟಾಗಿ ಓದುವಾಗ ಅಥವಾ ಹಾಡುವಾಗ ತಡವರಿಕೆ ಬಹಳ ಮಟ್ಟಿಗೆ ಕಡಿಮೆಯಾಗುವುದು ವಾಕ್ ಚಿಕಿತ್ಸಕರಿಗೆ ಚೆನ್ನಾಗಿ ತಿಳಿದಿರುವ ಸಂಗತಿ. ಮಾಸ್ಟರ್‌ಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಅವರ ಕಣ್ಣು ಅದನ್ನು ಹಿಡಿದಿತ್ತು. ಎಂಟು ತಿಂಗಳಿನಿಂದ ಅವರು ಆ ಹುಡುಗನನ್ನು ಸಾಲಿನ ನಡುವೆ ನಿಲ್ಲಿಸುತ್ತಿದ್ದರು, ಕೊಂಚ ಕೊಂಚವಾಗಿ ಅಂಚಿಗೆ ತರುತ್ತಿದ್ದರು, ಒಂಟಿಯಾಗಿ ಕೂಗುವುದಕ್ಕೆ ಎಂದೂ ಒತ್ತಾಯಿಸಿರಲಿಲ್ಲ. ಇದೆಲ್ಲವನ್ನೂ ಅವರು ನನಗೆ ಹೇಳಿದಾಗ ಅವರೆಂಥ ಗುರು ಎಂಬುದು ನನಗೆ ಅರ್ಥವಾಯಿತು.

ಪರೀಕ್ಷೆಯ ದಿನ ಹುಡುಗ ಒಬ್ಬನೇ ಹೇಯಾನ್ ಶೋದಾನ್ ಕಟಾ ಮಾಡಬೇಕಿತ್ತು. 21 ಚಲನೆಗಳ ಆ ಕಟಾದಲ್ಲಿ ಒಂಬತ್ತನೆಯದಕ್ಕೂ ಹದಿನೇಳನೆಯದಕ್ಕೂ ಕಿಯಾಯ್ ಬರಬೇಕು. ಎರಡೂ ಕಡೆ ಬಾಯಿ ತೆರೆದುಕೊಂಡಿತು, ದನಿ ಹೊರಡಲಿಲ್ಲ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರಿಗೆ ಹುಡುಗನ ವಿಷಯ ತಿಳಿದಿರಲಿಲ್ಲ. ಕಿಯಾಯ್ ಕಾಲಂನಲ್ಲಿ ಎರಡು ಎಂದು ಬರೆದರು. ಆ ಎರಡು ಅಂಕವನ್ನು ಆಪ್ ನಾಲ್ಕು ವಾಕ್ಯಗಳಾಗಿ ಹಿಗ್ಗಿಸಿತು: ನಿಮ್ಮ ಮಗನ ದನಿಯಲ್ಲಿ ಆತ್ಮವಿಶ್ವಾಸದ ಕೊರತೆ ಎದ್ದು ಕಾಣುತ್ತದೆ, ಎದುರಾಳಿಯ ಮುಂದೆ ನಿಲ್ಲುವ ಧೈರ್ಯವನ್ನು ಅವನು ಇನ್ನೂ ಬೆಳೆಸಿಕೊಂಡಿಲ್ಲ, ಮನೆಯಲ್ಲಿ ಗಟ್ಟಿಯಾಗಿ ಮಾತನಾಡುವ ಅಭ್ಯಾಸ ಮಾಡಿಸಿ, ಎಂಬ ಧಾಟಿಯಲ್ಲಿ. ಕೆಳಗೆ ಮಾಸ್ಟರ್ ಹೆಸರು. ಮನೆಯಲ್ಲಿ ತಂದೆ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು. ಹುಡುಗ ಎದ್ದುಹೋಗಿ ಕರಾಟೆ ಸಮವಸ್ತ್ರವನ್ನು ಮಡಚಿ ಅಟ್ಟದ ಮೇಲಿಟ್ಟ. ಮರುದಿನದಿಂದ ಶಾಲೆಯಲ್ಲಿ ಹಾಜರಿಗೂ ಉತ್ತರಿಸಲಿಲ್ಲ.

ವಾರದ ನಂತರ ತಾಯಿ ತರಗತಿಗೆ ಬಂದು ಫೋನ್ ತೋರಿಸಿ, "ಇದನ್ನ ನೀವೇ ಬರ್ದಿದ್ದಾ ಸಾರ್?" ಎಂದು ಕೇಳಿದರು. ಮಾಸ್ಟರ್ ಆ ಪತ್ರವನ್ನು ಮೊದಲ ಬಾರಿಗೆ ಓದಿದ್ದೇ ಆಗ. ಓದಿ ಮುಗಿಸಿ ಹೌದು ಎಂದರು. ಯಂತ್ರ ಬರೆದದ್ದೆಂದು ಒಪ್ಪಿಕೊಳ್ಳುವುದಕ್ಕಿಂತ ತಾನೇ ಬರೆದೆನೆಂದು ಸುಳ್ಳು ಹೇಳುವುದು ಆ ಕ್ಷಣದಲ್ಲಿ ಅವರಿಗೆ ಕಡಿಮೆ ಅವಮಾನವೆನ್ನಿಸಿತು. ಅವರ ನಿದ್ದೆ ಕೆಟ್ಟದ್ದು ಪತ್ರದಿಂದ ಎಂದು ಅವರು ಭಾವಿಸಿದ್ದರು. ಹೌದು ಎಂಬ ಈ ಒಂದು ಪದದಿಂದ ಎಂಬುದು ನಮ್ಮಿಬ್ಬರಿಗೂ ಎರಡನೆಯ ಭೇಟಿಯಲ್ಲಿ ಸ್ಪಷ್ಟವಾಯಿತು.

ಈ ಮೂರು ವಾರಗಳಲ್ಲಿ ಅವರು ಯಾರೊಂದಿಗೆ ಮಾತನಾಡಿದ್ದರು ಎಂದು ಕೇಳಿದೆ. ಹೆಂಡತಿಯೊಂದಿಗೆ ಇಲ್ಲ, ಜೊತೆಯ ಶಿಕ್ಷಕರೊಂದಿಗೆ ಇಲ್ಲ. ರಾತ್ರಿ ಎರಡು ಗಂಟೆಗೆ ಅದೇ ಆಪ್‌ನೊಂದಿಗೆ ಮಾತನಾಡಿದ್ದರು. ಒಂದು ರಾತ್ರಿ, "ಶಿಕ್ಷಕನ ಕೆಲಸದ ಹೊರೆ ಹೆಚ್ಚಿದ್ದಾಗ ಇಂಥ ಸಣ್ಣ ತಪ್ಪು ಸಹಜವಲ್ಲವೇ" ಎಂದು ಕೇಳಿದ್ದಾರೆ. ಸಹಜ, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ ಎಂಬ ಉತ್ತರ ಬಂದಿದೆ. ಎರಡು ದಿನ ಬಿಟ್ಟು, "ಉಗ್ಗುವ ಮಗುವಿನ ಮನಸ್ಸನ್ನು ಮುರಿದವನು ಗುರುವಾಗಲು ಯೋಗ್ಯನೇ" ಎಂದು ಕೇಳಿದ್ದಾರೆ. ಇದು ಗಂಭೀರ ನಂಬಿಕೆದ್ರೋಹ, ವೃತ್ತಿಯಿಂದ ಕೆಲಕಾಲ ಹಿಂದೆ ಸರಿಯುವುದನ್ನು ಯೋಚಿಸಬಹುದು ಎಂಬ ಉತ್ತರ ಬಂದಿದೆ. ಎರಡನ್ನೂ ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇದರಲ್ಲಿ ಯಾವುದು ನಿಜ?" ಎಂದರು.

ನಾನು ಈ ಪ್ರಕರಣವನ್ನು ಬರೆಯಲು ಮುಖ್ಯ ಕಾರಣ ಆ ಪ್ರಶ್ನೆ. ಇಂಥ ಉಪಕರಣಗಳಿಗೆ ತರಬೇತಿ ಕೊಡುವಾಗ ಜನರು ಯಾವ ಉತ್ತರವನ್ನು ಮೆಚ್ಚುತ್ತಾರೆ ಎಂಬುದನ್ನೂ ಅಳತೆಗೋಲಾಗಿ ಬಳಸುತ್ತಾರೆ. ಹಾಗಾಗಿ ಕೇಳುವವನು ಯಾವ ಕಡೆಗೆ ವಾಲಿದ್ದಾನೋ ಉತ್ತರವೂ ಅದೇ ಕಡೆಗೆ ವಾಲುವ ಅಪಾಯವಿದೆ. ಮಾಸ್ಟರ್ ಬಳಸುತ್ತಿದ್ದುದು ಬೇರೆ ಆಪ್ ಆದರೂ, 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯ ಒಂದು ಪರಿಷ್ಕರಣೆಯನ್ನು ಅದು ಬಳಕೆದಾರರ ಮಾತಿಗೆ ಅತಿಯಾಗಿ ತಲೆಯಾಡಿಸುತ್ತಿದೆ ಎಂಬ ಕಾರಣಕ್ಕೇ ಹಿಂದಕ್ಕೆ ಪಡೆದದ್ದನ್ನು ಅವರಿಗೆ ತಿಳಿಸಿದೆ. ಕ್ಷಮೆಯನ್ನೂ ಶಿಕ್ಷೆಯನ್ನೂ ಅವರು ಆ ಹುಡುಗನನ್ನು ಎಂದೂ ನೋಡದ ಒಂದು ಉಪಕರಣದಿಂದ ಬೇಡುತ್ತಿದ್ದರು. ಹುಡುಗನಿಗೆ ಏನಾಗಿದೆ ಎಂಬುದನ್ನು ಹುಡುಗನೂ ಅವನ ಮನೆಯವರೂ ಹೇಳಬೇಕು. ಅಲ್ಲಿಯವರೆಗೆ ಎರಡು ಉತ್ತರಗಳಲ್ಲಿ ಯಾವುದೂ ಮಾಸ್ಟರ್‌ಗೆ ಉಪಯೋಗಕ್ಕೆ ಬರುವುದಿಲ್ಲ ಎಂದೆ.

ಆಪ್ತಸಲಹೆಗಾರರ ಕೆಲಸ ಸಮಾಧಾನ ಹೇಳುವುದೆಂದು ಹಲವರು ತಿಳಿದಿದ್ದಾರೆ. ನಾನು ಅವರ ತಪ್ಪಿನ ಅರಿವನ್ನು ತೆಗೆದುಹಾಕಲು ಪ್ರಯತ್ನಿಸಲಿಲ್ಲ. ಅದು ಸರಿಯಾದ ಜಾಗದಲ್ಲಿಯೇ ಇತ್ತು. ಅದರ ಜೊತೆಗೆ ಅಂಟಿಕೊಂಡಿದ್ದ ನಾಚಿಕೆಯನ್ನು ಮಾತ್ರ ಬಿಡಿಸಬೇಕಿತ್ತು. ಮಾಡಿದ್ದು ತಪ್ಪು ಎನ್ನುವ ಅರಿವು ಮನುಷ್ಯನನ್ನು ಎದುರಿನವರ ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ನಾನೇ ಕೆಟ್ಟವನು ಎನ್ನುವ ನಾಚಿಕೆ ಅವನನ್ನು ಬೆಳಗಿನ ನಡಿಗೆಯಲ್ಲಿ ದಾರಿ ಬದಲಿಸುವಂತೆ ಮಾಡುತ್ತದೆ. ಎರಡು ಭೇಟಿಗಳು ಬಹುಪಾಲು ಇದನ್ನು ಬೇರ್ಪಡಿಸುವುದರಲ್ಲಿಯೇ ಕಳೆದವು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಸರಳ: ಮಲಗುವಾಗ ಫೋನ್ ಕೋಣೆಯ ಹೊರಗಿರಬೇಕು, ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೆದ್ದು ಮಂದ ಬೆಳಕಿನಲ್ಲಿ ಕುಳಿತಿದ್ದು, ನಿದ್ದೆ ತೂಗಿದಾಗ ಮತ್ತೆ ಮಲಗಬೇಕು. ನಡೆದದ್ದನ್ನು ಹೆಂಡತಿಗೆ ಹೇಳಬೇಕು.

ಎರಡನೆಯದು ಹುಡುಗನ ಮನೆಗೆ ಹೋಗುವುದು. ಇದನ್ನು ನಾವು ಪದಪದವಾಗಿ ಸಿದ್ಧಪಡಿಸಿದೆವು. ಪತ್ರ ಬರೆದದ್ದು ಆಪ್, ಓದದೆ ಕಳುಹಿಸಿದ್ದು ನಾನು, ಕೇಳಿದಾಗ ಸುಳ್ಳು ಹೇಳಿದ್ದೂ ನಾನು ಎಂಬ ಮೂರನ್ನೂ ಇದೇ ಕ್ರಮದಲ್ಲಿ ಹೇಳಬೇಕು, ಮೊದಲನೆಯದನ್ನು ಹೇಳಿ ನಿಲ್ಲಿಸಿದರೆ ಅದು ನೆಪವಾಗುತ್ತದೆ ಎಂದೆ. ಸಮಾಧಾನಕ್ಕೆಂದು ಬೆಲ್ಟ್ ಕೊಡಬಾರದು. ಹುಡುಗ ಅದನ್ನು ಕನಿಕರವೆಂದೇ ಓದುತ್ತಾನೆ. ತರಗತಿಗೆ ಬಾ ಎಂದು ಕರೆಯಲೂಬಾರದು. ಮಾತು ಮುಗಿದ ಮೇಲೆ ಹುಡುಗನ ಉತ್ತರಕ್ಕೆ ಕಾಯಬೇಕು, ಎಷ್ಟು ಹೊತ್ತಾದರೂ ಅವನ ವಾಕ್ಯವನ್ನು ತಾನು ಪೂರ್ತಿ ಮಾಡಬಾರದು. ತಂದೆತಾಯಿಗೆ ವಾಕ್ ಚಿಕಿತ್ಸಕರನ್ನು ಕಾಣುವಂತೆ, ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗುವಂತೆ ನಾನೇ ಬೇರೆಯಾಗಿ ತಿಳಿಸಿದೆ.

ಮಾಸ್ಟರ್ ಹೋಗಿ ಬಂದರು. ತಂದೆ ಬಹಳ ಕೋಪದಿಂದ ಮಾತನಾಡಿದರಂತೆ. ಹುಡುಗ ತುಂಬ ಹೊತ್ತಿನ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ನೀವು ನನ್ನ ಬಗ್ಗೆ ಏನು ಬರೆಯುತ್ತಿದ್ದಿರಿ? ಮಾಸ್ಟರ್ ಅಲ್ಲಿಯೇ ಹೇಳಿದರು. ಒಂಬತ್ತನೆಯ ಚಲನೆಯಲ್ಲಿ ಅವನ ಮುಂಗಾಲಿನ ಮಂಡಿ ಸರಿಯಾಗಿ ಬಾಗಿತ್ತು, ದನಿ ಬಾರದಿದ್ದರೂ ಅವನು ಕಟಾ ನಿಲ್ಲಿಸದೆ ಕೊನೆಯವರೆಗೆ ಮಾಡಿದ, ತಾನು ಅದನ್ನು ನೋಡುತ್ತಿದ್ದೆ ಎಂದು.

ಮೂರನೆಯ ಭೇಟಿಯಲ್ಲಿ, ತಮ್ಮ ಹೆಸರಿನಲ್ಲಿ ಇನ್ನೂ ಏನೇನು ಹೋಗಿದೆ ಎಂದು ಅವರೇ ಹುಡುಕಿ ತರುವಂತೆ ಹೇಳಿದ್ದೆ. ತಂದ ಪಟ್ಟಿ ನನ್ನನ್ನು ಗಾಬರಿಗೊಳಿಸಿತು. ಕುಮಿಟೆಯಲ್ಲಿ ತಲೆಗೆ ಪೆಟ್ಟಾಗಿ ಮಂಕಾಗಿದ್ದ ಮಗುವಿನ ತಾಯಿಗೆ, ಐಸ್ ಇಟ್ಟು ವಿಶ್ರಾಂತಿ ಕೊಡಿ, ನಾಳೆ ತರಗತಿಗೆ ಕಳುಹಿಸಬಹುದು ಎಂಬ ಉತ್ತರ ಹೋಗಿತ್ತು. ಮಗುವಿಗೆ ಏನೂ ಆಗಲಿಲ್ಲ ಎಂಬುದು ಅದೃಷ್ಟ. ಮಿದುಳು ಅದುರಿದ ಅನುಮಾನವಿದ್ದರೆ ಆ ಮಗುವನ್ನು ಅಂದು ಮತ್ತೆ ಆಡಿಸಬಾರದು, ವೈದ್ಯರು ನೋಡಿ ಒಪ್ಪುವವರೆಗೆ ಪೆಟ್ಟು ಬೀಳುವ ಅಭ್ಯಾಸಕ್ಕೆ ಇಳಿಸಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಲಾಗದ ಮಂಪರು, ಗೊಂದಲದ ಮಾತು, ಫಿಟ್ಸ್ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನೊಬ್ಬ ತಂದೆಗೆ, ನಮ್ಮ ಬ್ರೌನ್ ಬೆಲ್ಟ್ ಪ್ರಮಾಣಪತ್ರದಿಂದ ಕಾಲೇಜಿನಲ್ಲಿ ಕ್ರೀಡಾ ಕೋಟಾ ಸೀಟು ಸಿಗುತ್ತದೆ ಎಂದು ಆಪ್ ಬರೆದಿತ್ತು. ಕ್ರೀಡಾ ಕೋಟಾಕ್ಕೆ ಎಣಿಕೆಗೆ ಬರುವುದು ಮಾನ್ಯತೆ ಪಡೆದ ಕ್ರೀಡಾಕೂಟಗಳಲ್ಲಿನ ಭಾಗವಹಿಸುವಿಕೆ ಮತ್ತು ಗೆಲುವು, ತರಗತಿಯೊಂದು ಕೊಡುವ ಬೆಲ್ಟ್ ಅಲ್ಲ. ಮಾಸ್ಟರ್ ಇಂಥ ಮಾತನ್ನು ಇಪ್ಪತ್ತು ವರ್ಷಗಳಲ್ಲಿ ಯಾರಿಗೂ ಹೇಳಿದವರಲ್ಲ.

ಅದಲ್ಲದೆ ಪ್ರವೇಶ ಅರ್ಜಿಗಳ ಫೋಟೊಗಳೆಲ್ಲ ಆ ಉಚಿತ ಆಪ್‌ನೊಳಗೆ ಹೋಗಿದ್ದವು: ಮಕ್ಕಳ ಹೆಸರು, ಹುಟ್ಟಿದ ದಿನ, ಯಾರಿಗೆ ಆಸ್ತಮಾ, ಯಾರಿಗೆ ಫಿಟ್ಸ್ ಎಂಬ ವಿವರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಖಚಿತಪಡಿಸಿಕೊಳ್ಳಬಹುದಾದ ಒಪ್ಪಿಗೆ ಬೇಕು. ನಾನು ವಕೀಲಳಲ್ಲ; ಆದ್ದರಿಂದ ತಿಳಿದವರನ್ನು ಕಾಣಲು ಹೇಳಿ, ಅಲ್ಲಿಯವರೆಗೆ ಹಾಕಿದ್ದನ್ನು ಅಳಿಸಿ, ಹೊಸದನ್ನು ಹಾಕದೆ, ಪೋಷಕರ ಸಭೆ ಕರೆದು ನಡೆದದ್ದನ್ನು ಬಾಯಿಬಿಟ್ಟು ಹೇಳಿ ಎಂದೆ. ಸಭೆಯ ಮಾತಿಗೆ ಅವರು ಮೊದಲು ಒಪ್ಪಲಿಲ್ಲ. ಅರ್ಧದಷ್ಟು ಮಕ್ಕಳು ಬಿಟ್ಟುಹೋಗುತ್ತಾರೆ ಎಂಬ ಹೆದರಿಕೆ ಇತ್ತು. ಸಭೆಯಾದ ಮೇಲೆ ಬಿಟ್ಟವರು ಮೂವರು.

ಶುಲ್ಕ ಮತ್ತು ಹಾಜರಿಯನ್ನು ಆಪ್ ನೋಡಿಕೊಳ್ಳಲಿ, ಮಕ್ಕಳ ಹೆಸರಿನ ಬದಲು ಕ್ರಮಸಂಖ್ಯೆ ಇರಲಿ ಎಂದು ಒಪ್ಪಿದೆವು. ಪೆಟ್ಟು, ಕಾಯಿಲೆ, ಶುಲ್ಕ ಕಟ್ಟಲಾಗದ ಕಷ್ಟ, ಮಗುವಿನ ನಡತೆ ಇವುಗಳ ಬಗ್ಗೆ ಯಾರೇ ಕೇಳಿದರೂ ಮಾಸ್ಟರ್ ಅಥವಾ ಅವರ ಇಬ್ಬರು ಹಿರಿಯ ಬ್ಲ್ಯಾಕ್ ಬೆಲ್ಟ್ ಶಿಷ್ಯರೇ ಕರೆ ಮಾಡಿ ಉತ್ತರಿಸಬೇಕು. ಬೆಲ್ಟ್ ಪರೀಕ್ಷೆಯ ಪತ್ರದಲ್ಲಿ ಎರಡು ವಾಕ್ಯ ಸಾಕು, ಆದರೆ ಎರಡೂ ಅವರು ಕಣ್ಣಾರೆ ಕಂಡದ್ದಾಗಿರಬೇಕು, ಕೈಯಿಂದ ಬರೆದದ್ದಾಗಿರಬೇಕು. 62 ಮಕ್ಕಳಿಗೆ ಬರೆಯಲು ಎಲ್ಲಿ ಸಮಯ ಎಂದರು. ಒಂದೇ ದಿನ 62 ಮಕ್ಕಳ ಪರೀಕ್ಷೆ ಮಾಡುವುದನ್ನೇ ಬಿಡಿ ಎಂದೆ.

ಹುಡುಗ ಐದನೆಯ ವಾರದಲ್ಲಿ ತರಗತಿಗೆ ಬಂದು ಬೆಂಚಿನ ಮೇಲೆ ಕುಳಿತು ನೋಡಿ ಹೋದ. ಈಗ ವಾರಕ್ಕೊಮ್ಮೆ ಅಭ್ಯಾಸಕ್ಕೆ ಇಳಿಯುತ್ತಾನೆ, ಸಾಲಿನ ನಡುವೆ ನಿಲ್ಲುತ್ತಾನೆ. ಮಾಸ್ಟರ್ ಈಗ ಬೆಳಗಿನ ಐದರವರೆಗೆ ಮಲಗುತ್ತಾರೆ. ಕಳೆದ ತಿಂಗಳು 24 ಮಕ್ಕಳ ಪರೀಕ್ಷೆ ನಡೆಸಿ, 23 ಪತ್ರ ಬರೆದು ಮುಗಿಸಿ ನನಗೆ ತೋರಿಸಲು ತಂದಿದ್ದರು. ಉಳಿದದ್ದು ಹಿಂದಿನ ಸಾಲಿನಲ್ಲಿ ನಿಲ್ಲುವ ಒಬ್ಬ ಹುಡುಗಿಯದು. ಅವಳ ಬಗ್ಗೆ ಬರೆಯಲು ಏನೂ ನೆನಪಾಗುತ್ತಿಲ್ಲ ಮೇಡಂ, ಎರಡು ವರ್ಷದಿಂದ ಬರುತ್ತಿದ್ದಾಳೆ ಎಂದರು. ಆ ವಾರ ಅವಳನ್ನು ಮುಂದಿನ ಸಾಲಿಗೆ ಕರೆದಿದ್ದಾರೆ. ಪತ್ರ ತಡವಾಗುತ್ತದೆಂದು ಅವಳ ಮನೆಗೆ ಕರೆ ಮಾಡಿ ತಿಳಿಸಿದ್ದಾರೆ.