ವಾಪಸ್ಸಾದ ಕೇಸು, ಚಿಕ್ಕಮ್ಮನ ಬಾವಿ

ಕದ್ರಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಪತ್ರ: "ಅಮೆರಿಕದ ಗಾಯಕ ಜೇ-ಝೀ ಮೇಲಿನ ಅತ್ಯಾಚಾರದ ದಾವೆಯನ್ನು ಹೂಡಿದವರೇ ವಾಪಸ್ ಪಡೆದರು. ಅಂದಮೇಲೆ ಅದು ಸುಳ್ಳು ಅಂತಾಯ್ತು, ಅಲ್ವಾ? ದೊಡ್ಡವರ ಮಾನ ಹೋದದ್ದಕ್ಕೆ ಹೊಣೆ ಯಾರು?"

ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಸರ್. ಪ್ರಶ್ನೆಯೂ ನ್ಯಾಯವಾದದ್ದೇ. ಜೇ-ಝೀ ಆರೋಪವನ್ನು ಮೊದಲಿನಿಂದಲೂ ಅಲ್ಲಗಳೆದರು. ತಾನು ಹೇಳಿದ್ದರಲ್ಲಿ ಕೆಲವು ತಪ್ಪಿವೆ ಎಂದು ದಾವೆ ಹೂಡಿದ ಹೆಂಗಸೂ ಒಪ್ಪಿದ್ದರು. 2025ರ ಫೆಬ್ರವರಿಯಲ್ಲಿ ಆ ಸಿವಿಲ್ ದಾವೆ ಹಿಂದೆ ಹೋಯಿತು, ಇನ್ನೆಂದೂ ಹೂಡದ ಹಾಗೆ. ಸುಳ್ಳು ಆರೋಪದಿಂದ ತಲೆ ಎತ್ತಲಾಗದವರು ನಮ್ಮ ನಡುವೆಯೂ ಇದ್ದಾರೆ. ಇಷ್ಟು ಒಪ್ಪಿದೆ.

ಆದರೆ 'ವಾಪಸ್' ಅನ್ನೋ ಪದದ ತಲೆ ಮೇಲೆ ನೀವು ಜಾಸ್ತಿ ಹೊರೆ ಇಟ್ಟಿದ್ದೀರಿ. ನನ್ನ ಚಿಕ್ಕಮ್ಮ ಬಾವಿಗೆ ಹೋಗುವ ದಾರಿಗಾಗಿ ಒಂಬತ್ತು ವರ್ಷ ದಾವೆ ನಡೆಸಿದರು. ಹತ್ತನೇ ವರ್ಷ ಕೈಬಿಟ್ಟರು. ಮಂಡಿನೋವು, ಬಸ್ಸು ಹತ್ತಲು ಆಗುತ್ತಿರಲಿಲ್ಲ, ಅಷ್ಟೇ. ಮರುದಿನವೇ ಎದುರು ಪಾರ್ಟಿ "ಕಂಡ್ರಾ, ಸುಳ್ಳು ಕೇಸು" ಅಂತ ಊರಿಡೀ ಹೇಳಿಕೊಂಡು ಬಂದರು. ಆ ದಾರಿಯಲ್ಲಿ ನಾನು ಚಿಕ್ಕಂದಿನಲ್ಲಿ ಕೊಡಪಾನ ಹೊತ್ತವನು!

ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಮೇಲಿನ ಅತ್ಯಾಚಾರದ ಪ್ರಕರಣ ನೋಡಿ. ದೂರು ಕೊಟ್ಟ ಹುಡುಗಿಯ ಗುಟ್ಟಾಗಿರಬೇಕಿದ್ದ ಹೆಸರು ಹೊರಗೆ ಬಿತ್ತು. ಅವಳು ಸಾಕ್ಷಿ ಹೇಳಲು ಒಪ್ಪಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಕ್ರಿಮಿನಲ್ ಕೇಸು ಬಿದ್ದುಹೋಯಿತು. ಅದೇ ದಿನ ಬ್ರಯಾಂಟ್ ಕ್ಷಮೆ ಕೇಳಿದರು. ಇಬ್ಬರ ಒಪ್ಪಿಗೆಯಿಂದ ಆದದ್ದೆಂದು ನಾನು ನಂಬಿದ್ದೆ, ಆಕೆಗೆ ಹಾಗೆ ಅನಿಸಿರಲಿಲ್ಲ ಎಂದು ಈಗ ಅರ್ಥವಾಗಿದೆ ಎಂಬುದು ಅವರ ಹೇಳಿಕೆಯ ಸಾರ. ಆಕೆ ಹೂಡಿದ್ದ ಸಿವಿಲ್ ದಾವೆ ಮರುವರ್ಷ ರಾಜಿಯಲ್ಲಿ ಮುಗಿಯಿತು. ಇದನ್ನು ಸುಳ್ಳು ಕೇಸಿನ ಕಪಾಟಿಗೆ ಹಾಕ್ತೀರಾ?

ಇನ್ನು ನಮ್ಮಲ್ಲಿ ಅತ್ಯಾಚಾರದ ಕೇಸು ನಡೆಸುವುದು ಸರ್ಕಾರ. ನೊಂದವಳು 'ವಾಪಸ್ ಪಡೆದೆ' ಅಂದರೆ ಮುಗಿಯುವುದಿಲ್ಲ. ಸರ್ಕಾರಿ ವಕೀಲರು ಕೈಬಿಡಬೇಕೆಂದರೂ ಕೋರ್ಟು ಒಪ್ಪಬೇಕು. 2024ರ ಜುಲೈಯಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಅವಳ ಮಾತನ್ನೂ ಕೇಳಬೇಕು. ಆದ್ದರಿಂದ ಒತ್ತಡವೆಲ್ಲ ಅವಳು ಸಾಕ್ಷಿಕಟ್ಟೆ ಹತ್ತುವ ಮೊದಲೇ ಬೀಳುತ್ತದೆ. ಚಾವಡಿಯಲ್ಲಿ ಹಿರಿಯರು ಕೂರುತ್ತಾರೆ. "ಹುಡುಗಿಯ ಮದುವೆ ಆಗಬೇಡವಾ?" ಅನ್ನುತ್ತಾರೆ. ಅವಳು ಕೋರ್ಟಿನಲ್ಲಿ ಮಾತು ಬದಲಿಸಿದರೆ ಅದೇ ಹಿರಿಯರು 'ಉಲ್ಟಾ ಹೊಡೆದಳು' ಅನ್ನುತ್ತಾರೆ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು ಹುಡುಗಿಯ ಅಪ್ಪನ ಜೊತೆಗಿನ ರಾಜಿಯ ಮೇಲೆ ರದ್ದಾಗಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸಿಗೆ ಮತ್ತೆ ಜೀವ ಕೊಟ್ಟಿತು. ಅಪ್ಪ ರಾಜಿಯಾದರೆ ಮಗಳು ರಾಜಿಯಾದ ಹಾಗಾ?

ಗಟ್ಟಿಯಾಗಿ ನಿಂತವರೂ ಇದ್ದಾರೆ. ಮಾಜಿ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧ ನಿಂತದ್ದು ಮನೆಗೆಲಸದ ಹೆಂಗಸು. 2025ರ ಆಗಸ್ಟ್ 2ರಂದು ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆಯಾಯಿತು. ಆ ಹೆಂಗಸು ನಡುವೆ ಸೋತು ಕೂತಿದ್ದರೆ ನಿಮ್ಮ ಪತ್ರದಲ್ಲಿ ಅವರ ಕಥೆಯೂ ಸೇರುತ್ತಿತ್ತಲ್ಲ ಸರ್.

ಸೋಲಿಸುವುದಕ್ಕೆ ದೊಡ್ಡ ಮನುಷ್ಯರೇ ಬೇಕಾಗಿಲ್ಲ, ದೂರವೂ ಸಾಕು. ಧಾರವಾಡ, ಕಲಬುರಗಿಗೆ 2008ರಲ್ಲೇ ಹೈಕೋರ್ಟ್ ಪೀಠ ಬಂತು. ನಾವು ಕರಾವಳಿಯವರು ಇವತ್ತಿಗೂ ಶಿರಾಡಿ ಘಾಟಿ ಹತ್ತಬೇಕು, ಗುಡ್ಡ ಕುಸಿಯದಿದ್ದರೆ. ನಿಮಗೆ ಹೇಗೂ ಪೆನ್ಶನ್ ಇದೆ, ಸಮಯವಿದೆ. ಮಂಗಳೂರಿಗೊಂದು ಪೀಠ ಕೊಡಿ ಅಂತ ಸರ್ಕಾರಕ್ಕೆ ಬರೆಯಿರಿ, ಇದೇ ಮುತ್ತಿನಂಥ ಅಕ್ಷರದಲ್ಲಿ. ಪ್ರತಿ ನನಗೂ ಕಳಿಸಿ, ಅಚ್ಚು ಹಾಕೋಣ.

- ಸಂ.