ಸ್ಕಾಟ್ಲೆಂಡಿನ ರಾಸೇ ದ್ವೀಪದ 'ಕ್ಯಾಲಮ್ಸ್ ರೋಡ್'ಗೆ ಆ ಹೆಸರು ಹೇಗೆ ಬಂತು?

ಅದನ್ನು ಕಡಿದು ಮಾಡಿದವರೇ ಕ್ಯಾಲಮ್ ಮೆಕ್ಲೌಡ್, ಅದಕ್ಕೆ. ಮೊದಲು ದ್ವೀಪದ ರಸ್ತೆ ಬ್ರಾಕೆಲ್ ಎಂಬಲ್ಲಿನ ಪಾಳು ಕೋಟೆಯ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದ ಉತ್ತರಕ್ಕೆ, ಕ್ಯಾಲಮ್ ಅವರ ಊರಾದ ಆರ್ನಿಶ್‌ಗೆ, ಬರೀ ಕಾಲುದಾರಿ. ಊರವರು ಅರ್ಜಿ ಹಾಕಿ ಹಾಕಿ ಸೋತರು. ಕೊನೆಗೆ 1964ರ ಸುಮಾರಿಗೆ ಕ್ಯಾಲಮ್ ಅವರೇ ಪಿಕಾಸಿ, ಸಲಿಕೆ, ಕೈಗಾಡಿ ಹಿಡಿದು ಇಳಿದುಬಿಟ್ಟರು! ರಸ್ತೆ ನಿರ್ಮಾಣದ ಹಳೇ ಪುಸ್ತಕವೊಂದೇ ಗುರು. ಬಂಡೆ ಸಿಡಿಸಲು ಸರ್ಕಾರದ ಕೃಷಿ ಇಲಾಖೆ ನೆರವಾಯಿತು; ಮಿಕ್ಕಿದ್ದೆಲ್ಲ ಸುಮಾರು ಹತ್ತು ವರ್ಷಗಳ ಒಂಟಿ ದುಡಿಮೆ. ಉದ್ದ ಮೂರು ಕಿಲೋಮೀಟರೂ ಇಲ್ಲ, ಆದರೆ ಆ ಕಡಿದಾದ ಏರು-ತಿರುವು ನೋಡಿದರೆ ಹತ್ತು ವರ್ಷ ಹೆಚ್ಚೆನಿಸದು. ಕೆಲಸ ಮುಗಿಯುವಷ್ಟರಲ್ಲಿ ಆರ್ನಿಶ್‌ನಲ್ಲಿ ಉಳಿದಿದ್ದವರು ಅವರೂ ಹೆಂಡತಿಯೂ ಇಬ್ಬರೇ. ಡಾಂಬರು ಬಿದ್ದದ್ದು 1982ರಲ್ಲಿ. ಕ್ಯಾಲಮ್ ತೀರಿಕೊಂಡದ್ದು 1988ರಲ್ಲಿ.