ತಂಗಿಗೆ ದೆವ್ವ ಹಿಡಿದಿದೆ ಎನ್ನುತ್ತಾರೆ: ಕಥೋಲಿಕ ಸಭೆಯಲ್ಲಿ ಬಿಡಿಸುವ ಕ್ರಮ ಏನು?

ನಿಮ್ಮ ತಂಗಿಗೆ ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆ, ಜಪಸರ ಕಂಡರೆ ಕಿರುಚುತ್ತಾಳೆ, ಪ್ರಾರ್ಥನಾ ಕೂಟದವರು ಮಾತ್ರೆ ನಿಲ್ಲಿಸಿ ಮೂರು ದಿನ ಉಪವಾಸ ಇಡಿಸಿ ಎಂದಿದ್ದಾರೆ ಎಂದು ಬರೆದಿದ್ದೀರಿ. ಕಥೋಲಿಕ ಸಭೆ ದೆವ್ವ ಬಿಡಿಸುವುದನ್ನು ಒಪ್ಪುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಒಪ್ಪುತ್ತದೆ. ಆದರೆ ಅದಕ್ಕೂ ಮೊದಲು ಹೇಳಬೇಕಾದದ್ದು: ಮಾತ್ರೆ ನಿಲ್ಲಿಸಬೇಡಿ, ಒಂದು ಹೊತ್ತೂ ತಪ್ಪಿಸಬೇಡಿ. ಫಿಟ್ಸಿನ ಮಾತ್ರೆ ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮನೋರೋಗದ ಮಾತ್ರೆ ಬಿಟ್ಟರೆ ಅಡಗಿದ್ದ ಧ್ವನಿಗಳು ಮತ್ತೆ ಜೋರಾಗಬಹುದು. ಆಗ ‘ನೋಡಿ, ದೆವ್ವ ತಿರುಗಿ ಬೀಳುತ್ತಿದೆ’ ಎನ್ನುವವರಿಗೆ ಅದೇ ಸಾಕ್ಷಿಯಾಗಿಬಿಡುತ್ತದೆ.

ಇದು ಸಭೆಯ ವಿರುದ್ಧದ ಮಾತಲ್ಲ, ಸಭೆಯದೇ ನಿಯಮ. 1614ರಲ್ಲಿ ಐದನೇ ಪೌಲ್ ಪೋಪ್ ಆಗಿದ್ದಾಗ ಹೊರಬಂದ ರೋಮನ್ ವಿಧಿಗ್ರಂಥ ಈ ಕೆಲಸಕ್ಕೆ ಇಳಿಯುವ ಗುರುವಿಗೆ, ಅಂದರೆ ಪಾದ್ರಿಗೆ, ಮೊದಲಿಗೇ ಹೇಳುವುದು, ಒಬ್ಬರಿಗೆ ದೆವ್ವ ಹಿಡಿದಿದೆ ಎಂದು ಸುಲಭಕ್ಕೆ ನಂಬಬೇಡ ಎಂದು. ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೇ ಪರಿಚ್ಛೇದವೂ ಕಾಯಿಲೆಯನ್ನು, ಅದರಲ್ಲೂ ಮನಸ್ಸಿನ ಕಾಯಿಲೆಯನ್ನು, ವೈದ್ಯರಿಗೆ ಬಿಡುತ್ತದೆ. ಕಲಿಯದ ಭಾಷೆಯಲ್ಲಿ ಸರಾಗವಾಗಿ ಮಾತಾಡುವುದು ಅಥವಾ ಅದನ್ನು ಅರ್ಥಮಾಡಿಕೊಳ್ಳುವುದು, ದೂರದ ಇಲ್ಲವೇ ಗುಟ್ಟಾದ ಸಂಗತಿಯನ್ನು ಹೇಳುವುದು, ವಯಸ್ಸಿಗೂ ಮೈಕಟ್ಟಿಗೂ ಮೀರಿದ ಬಲ ತೋರುವುದು: ಹಳೆಯ ಗ್ರಂಥ ಹೆಸರಿಸುವ ಲಕ್ಷಣಗಳು ಇವು. ಇವೂ ಸುಳಿವುಗಳಷ್ಟೇ. ಪವಿತ್ರ ವಸ್ತುಗಳ ಬಗ್ಗೆ ತೀವ್ರ ಅಸಹ್ಯವನ್ನೂ ಗಮನಿಸಬೇಕು ಎಂದು ಈಗಿನ ವಿಧಿ ಹೇಳುತ್ತದೆ, ಆದರೆ ಬಿಡಿಯಾಗಿ ಅಲ್ಲ. ‘ನಿನ್ನೊಳಗೆ ದೆವ್ವ ಇದೆ’ ಎಂದು ಹತ್ತು ಜನರಿಂದ ಕೇಳಿಸಿಕೊಂಡ ಹುಡುಗಿ ಜಪಸರ ಕಂಡು ಬೆದರಿ ಕಿರುಚುವುದರಲ್ಲಿ ಆಶ್ಚರ್ಯವೇನಿಲ್ಲ.

ಯಾರು ಮಾಡಬಹುದು ಎಂಬುದನ್ನು ಸಭಾ ಕಾನೂನಿನ 1172ನೇ ವಿಧಿ ಖಚಿತವಾಗಿ ಹೇಳುತ್ತದೆ: ಸ್ಥಳೀಯ ಧರ್ಮಾಧ್ಯಕ್ಷರಿಂದ (ಬಿಷಪ್) ವಿಶೇಷ ಅನುಮತಿ ಪಡೆದ ಗುರು ಮಾತ್ರ. ನಿಮ್ಮ ಧರ್ಮಕೇಂದ್ರದ ಫಾದರ್ ಕೂಡ ಆ ಅನುಮತಿ ಇಲ್ಲದೆ ಮಾಡುವಂತಿಲ್ಲ. ವಿಶ್ವಾಸಿಗಳು ಕೂಟ ಸೇರಿ ದೆವ್ವಕ್ಕೆ ಆಜ್ಞೆ ಮಾಡುವುದು, ಅದರ ಹೆಸರು ಕೇಳುವುದು ಸಲ್ಲದು ಎಂದು 1985ರ ಸೆಪ್ಟೆಂಬರ್ 29ರಂದು ರೋಮಿನಿಂದ ಧರ್ಮಾಧ್ಯಕ್ಷರಿಗೆಲ್ಲ ಪತ್ರವೇ ಹೋಗಿದೆ. ಕೇಡಿನಿಂದ ಬಿಡಿಸೆಂದು ದೇವರನ್ನು ಬೇಡುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಇಡೀ ವ್ಯತ್ಯಾಸ ಇರುವುದು ಇಲ್ಲೇ: ದೇವರೊಂದಿಗೆ ಮಾತಾಡುವುದು ಎಲ್ಲರ ಹಕ್ಕು, ದೆವ್ವದೊಂದಿಗೆ ಮಾತಾಡುವುದು ಯಾರ ಪ್ರಾರ್ಥನೆಯೂ ಅಲ್ಲ.

1999ರಲ್ಲಿ ಪ್ರಕಟವಾದ ಪರಿಷ್ಕೃತ ವಿಧಿ ಸಿನಿಮಾದಲ್ಲಿ ತೋರಿಸುವಂತೆ ಇಲ್ಲ. ಪವಿತ್ರ ಜಲ ಚಿಮುಕಿಸಿ, ಸಂತರ ಸ್ತುತಿಮಾಲೆ ಹೇಳಿ, ಕೀರ್ತನೆ ಮತ್ತು ಶುಭಸಂದೇಶ ಓದುತ್ತಾರೆ. ಗುರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ವಿಶ್ವಾಸ ಪ್ರಮಾಣ ಅಥವಾ ದೀಕ್ಷಾಸ್ನಾನದ ವಾಗ್ದಾನ, ಪರಲೋಕದ ಪ್ರಾರ್ಥನೆ, ಶಿಲುಬೆಯ ಗುರುತು ಆದಮೇಲೆ ದೇವರನ್ನು ಬೇಡುವ ಸೂತ್ರ ಬರುತ್ತದೆ. ಸೈತಾನನಿಗೆ ನೇರ ಆಜ್ಞೆ ಕೊಡುವ ಸೂತ್ರವನ್ನು ಇದಾದ ಮೇಲೆ ಮಾತ್ರ ಹೇಳಬಹುದು, ಹೇಳದೆಯೂ ಇರಬಹುದು. ಕೊನೆಗೆ ಕೃತಜ್ಞತೆ, ಆಶೀರ್ವಾದ. ಜನ ಸೇರಿಸಿ ಪ್ರದರ್ಶನ ಮಾಡುವಂತಿಲ್ಲ, ಮಾಧ್ಯಮದವರಿಗೆ ಪ್ರವೇಶವಿಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವವರಿಂದ ಆಕೆಯನ್ನು ದೂರ ಇಡಿ.

ಅನುಮತಿ ಇದ್ದರೂ ಎಡವಬಹುದು. ಜರ್ಮನಿಯ ಬವೇರಿಯಾದ ಆನೆಲೀಸ್ ಮಿಖೆಲ್ ಎಂಬ ವಿದ್ಯಾರ್ಥಿನಿಗೆ ಮೂರ್ಛೆರೋಗವಿತ್ತು. ಧರ್ಮಾಧ್ಯಕ್ಷರ ಅನುಮತಿಯಿಂದಲೇ 1975–76ರಲ್ಲಿ ಆಕೆಯ ಮೇಲೆ 67 ಸಲ ದೆವ್ವ ಬಿಡಿಸುವ ವಿಧಿ ನಡೆಯಿತು. ಕೊನೆಯ ತಿಂಗಳುಗಳಲ್ಲಿ ವೈದ್ಯರ ಚಿಕಿತ್ಸೆಯೂ ಇಲ್ಲ, ಊಟವೂ ಹೆಚ್ಚುಕಡಿಮೆ ಇಲ್ಲ. 1976ರ ಜುಲೈ 1ರಂದು ಪೋಷಣೆಯಿಲ್ಲದೆ, ನೀರಿನಂಶ ಬತ್ತಿ ಸತ್ತಾಗ ಆಕೆಗೆ 23 ವರ್ಷ, ತೂಕ ಸುಮಾರು 30 ಕಿಲೋ. 1978ರಲ್ಲಿ ತಂದೆತಾಯಿ ಮತ್ತು ಇಬ್ಬರು ಗುರುಗಳು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು ನ್ಯಾಯಾಲಯ ತೀರ್ಪಿತ್ತಿತು.

ಉಪವಾಸದ ಮಾತಿಗೆ ಕೂಟದವರು ಬೈಬಲಿನ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯ ತೋರಿಸುತ್ತಾರೆ. ‘ಈ ಜಾತಿಯದು ಪ್ರಾರ್ಥನೆಯಿಂದಲೇ ಹೊರಡುವುದು’ ಎಂಬಲ್ಲಿ ಕೆಲವು ಹಸ್ತಪ್ರತಿಗಳು ಉಪವಾಸವನ್ನೂ ಸೇರಿಸುತ್ತವೆ, ನಿಜ. ಆದರೆ ಯೇಸು ಅದನ್ನು ಹೇಳಿದ್ದು ಒಬ್ಬ ಹುಡುಗನಿಂದ ದೆವ್ವ ಬಿಡಿಸಲಾಗದೆ ಹೋದ ಶಿಷ್ಯರಿಗೆ, ನರಳುತ್ತಿದ್ದ ಆ ಹುಡುಗನಿಗಲ್ಲ. ಉಪವಾಸ ಇರುವುದಾದರೆ ನೀವಿರಿ. ಆಕೆಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯವನ್ನೂ ಓದಿ: ನಮ್ಮ ಹೋರಾಟ ಮನುಷ್ಯರ ಸಂಗಡವಲ್ಲ ಎಂದೇ ಪೌಲ ಅಲ್ಲಿ ಹೇಳುತ್ತಾನೆ. ಆಕೆಯನ್ನು ಹೊಡೆಯುವುದಕ್ಕೂ ಕಟ್ಟಿಹಾಕುವುದಕ್ಕೂ ಅಲ್ಲಿ ಆಧಾರವಿಲ್ಲ. ಧರಿಸಿಕೊಳ್ಳಿ ಎಂದು ಪೌಲ ಹೇಳುವ ನಡುಕಟ್ಟು, ಕವಚ, ಕೆರ, ಗುರಾಣಿ, ಶಿರಸ್ತ್ರಾಣ ಎಲ್ಲ ತನ್ನನ್ನು ಕಾಪಾಡಿಕೊಳ್ಳುವ ಸಲಕರಣೆಗಳು, ಕತ್ತಿಯೊಂದನ್ನು ಬಿಟ್ಟು. ಆ ಕತ್ತಿಯೂ ದೇವರ ವಾಕ್ಯ. ಅಲ್ಲಿ ಮೇಲಿಂದ ಮೇಲೆ ಬರುವ ಆಜ್ಞೆ ‘ನಿಲ್ಲಿರಿ’ ಎಂಬುದು.

ಈ ವಾರ ಮಾಡಬೇಕಾದದ್ದು: ಆಕೆಯನ್ನು ನೋಡುತ್ತಿರುವ ವೈದ್ಯರ ಬಳಿ ಧ್ವನಿಗಳ ವಿಷಯ ಹೇಳಿ. ಯಾವಾಗ ಶುರುವಾಯಿತು, ನಿದ್ದೆ ಎಷ್ಟು, ಮಾತ್ರೆ ಯಾವುದು ಎಂದು ಬರೆದುಕೊಂಡು ಹೋಗಿ. ತಕ್ಷಣ ಯಾರನ್ನಾದರೂ ಕೇಳಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸಾಯಬೇಕು ಎಂದರೆ, ಅನ್ನ ನೀರು ಬಿಟ್ಟರೆ, ಅಥವಾ ತನಗೆ ತಾನೇ ನೋವು ಮಾಡಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಫಾದರ್ ಹತ್ತಿರವೂ ಹೋಗಿ, ವೈದ್ಯರ ವರದಿ ತೋರಿಸಿ. ಅನುಮಾನ ಉಳಿದರೆ ಧರ್ಮಾಧ್ಯಕ್ಷರಿಗೆ ತಿಳಿಸುವುದು ಅವರ ಕೆಲಸ. ಮನೆಯಲ್ಲಿ ಪ್ರಾರ್ಥನೆ ಚಿಕ್ಕದಾಗಿರಲಿ, ದನಿ ಮೆತ್ತಗಿರಲಿ: ಪರಲೋಕದ ಪ್ರಾರ್ಥನೆ, 91ನೇ ಕೀರ್ತನೆ ಸಾಕು. ಆಕೆ ಬೇಡವೆಂದರೆ ಪಕ್ಕದ ಕೋಣೆಯಲ್ಲಿ ಕೂತು ಮಾಡಿ.